ಇನ್ನೊಂದು ಕೈ ಬಣ್ಣ

ನಮ್ಮ ಭಾವ ದರ್ಜಿ. ಇದನ್ನು ಅವರ ಎದುರು ಇಷ್ಟು ಮೊಟಕಾಗಿ ಹೇಳಿದರೆ ಅವರ ಮುಖ ಗಂಟಿಕ್ಕುತ್ತದೆ. ‘ಕೋಟಿನ ದರ್ಜಿ’ ಎನ್ನಬೇಕು. ಅಂಗಿ ಚಡ್ಡಿ ಯಾರು ಬೇಕಾದರೂ ಹೊಲಿದಾರು, ಕೋಟು ಹೊಲಿಯುವುದಕ್ಕೆ ಕೈ ಬೇಕು ಎಂಬುದು ಅವರ ವಾದ. ಹಾಗೆ ನೋಡಿದರೆ ಈಗ ಕೋಟು ಹೊಲಿಸುವವರು ಯಾರಿದ್ದಾರೆ? ಕಿತ್ತುಹೋದ ಜಿಪ್ಪು ಬದಲಾಯಿಸುವುದು, ಉದ್ದದ ಪ್ಯಾಂಟನ್ನು ಗಿಡ್ಡ ಮಾಡುವುದು, ದಪ್ಪಗಾದವರ ಸೊಂಟ ಬಿಚ್ಚಿ ಕೊಡುವುದು, ಇದೇ ಅವರ ದಿನದ ಕೆಲಸ. ಆದರೂ ಅಂಗಡಿಯ ಗಾಜಿನ ಹಿಂದೆ ಒಂದು ಬೂದು ಕೋಟು ತೂಗುತ್ತಿರುತ್ತದೆ. ಅದರ ಯಜಮಾನ ಬಂದು ಒಯ್ಯಲಿಲ್ಲವೋ, ಭಾವನೇ ಕೊಡಲಿಲ್ಲವೋ, ಆ ವಿಷಯ ಮಾತ್ರ ಕೇಳಬಾರದು.

ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು ‘ಫಿನಿಶಿಂಗ್’. ಹಾಗಾಗಿ ಬೀದಿಯವರು ಅವರಿಗೆ ಇಟ್ಟ ಹೆಸರು ಫಿನಿಶಿಂಗ್ ಮಾಸ್ತರು. ಯಾರ ಮನೆಗೆ ಹೋದರೂ ಪರದೆಯ ಅಂಚು ತಿರುಗಿಸಿ ನೋಡುತ್ತಾರೆ. ಗೆಳೆಯರನ್ನು ಅವರು ಅಪ್ಪಿಕೊಳ್ಳುವುದೇ ಬೆನ್ನಿನ ಹೊಲಿಗೆ ಮುಟ್ಟಿ ನೋಡುವುದಕ್ಕೆ ಎಂದು ನಾನು ಅವರ ಮುಖಕ್ಕೇ ಹೇಳಿದ್ದೇನೆ. ಹೆಂಡತಿಯ ತಂಗಿ ನಾನು. ಭಾವನನ್ನು ರೇಗಿಸುವುದು ನನ್ನ ಹಕ್ಕು, ಸಹಿಸಿಕೊಳ್ಳುವುದು ಅವರ ಕರ್ಮ. ಮೇಲಾಗಿ ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಅವರ ಮನೆಯ ಮಾತಿಗೆ ನಾನು ಕಿವಿಗೊಡಬೇಕೆಂದೇನಿಲ್ಲ, ಅದು ತಾನಾಗಿ ಬಂದು ಬೀಳುತ್ತದೆ.

ಇಂಥ ಮನುಷ್ಯ ಬಣ್ಣದ ಡಬ್ಬಕ್ಕೆ ಕೈ ಹಾಕಿದ್ದು ನಮ್ಮ ಅಕ್ಕನ ಕಣ್ಣಿನ ದೆಸೆಯಿಂದ.

ಅಕ್ಕನ ದೃಷ್ಟಿ ಕೆಲವು ವರ್ಷಗಳಿಂದ ಮಸುಕಾಗುತ್ತ ಬಂದಿತ್ತು. ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳುತ್ತಿರಿ ಎಂದು ಕಣ್ಣಿನ ಡಾಕ್ಟರು ಹೇಳಿದರು. ಜೊತೆಗೆ ಒಂದು ಸಲಹೆಯನ್ನೂ ಕೊಟ್ಟರು. ಮನೆಯ ಗೋಡೆಯೂ ಬಾಗಿಲೂ ಒಂದೇ ಬಣ್ಣವಾದರೆ ಇವರಿಗೆ ಅಂಚು ಕಾಣುವುದಿಲ್ಲ, ಬಾಗಿಲು ಚೌಕಟ್ಟುಗಳಿಗೆ ಗಾಢವಾದ ಬಣ್ಣ ಹೊಡೆಸಿ ಎಂದರು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಹೊರಗೆ ಬಂದವಳೇ ನಮ್ಮಿಬ್ಬರಿಗೂ ತಾಕೀತು ಮಾಡಿದಳು.

“ನೋಡಿ, ಇವತ್ತೇ ಹೇಳಿಬಿಡ್ತೀನಿ. ಮನೇಲಿ ಯಾರೂ ನನ್ನ ಕೈ ಹಿಡ್ಕೊಂಡು ನಡೆಸೋದು ಬೇಡ. ಹೊರಗೆ ಹಿಡ್ಕೊಳ್ಳಿ, ಬೇಡ ಅನ್ನಲ್ಲ. ಒಳಗೆ ನನ್ನ ಪಾಡಿಗೆ ನನ್ನ ಬಿಡಿ.”

ಇದು ಸುಮ್ಮನೆ ಆಡಿದ ಮಾತಲ್ಲ. ನಮ್ಮಕ್ಕ ಪುಸ್ತಕ ಓದುವುದನ್ನು ಬಿಟ್ಟಳು, ಭಾವನ ಬಟ್ಟೆಗಳಿಗೆ ಗುಂಡಿ ಹಾಕಿಕೊಡುವುದನ್ನು ಬಿಟ್ಟಳು, ಒಂದಕ್ಕೂ ಅಯ್ಯೋ ಅನ್ನಲಿಲ್ಲ. ಆದರೆ ಮನಸ್ಸು ಬಂದಾಗ ಎದ್ದು, ಯಾರನ್ನೂ ಕೇಳದೆ, ತಾನೇ ಅಡುಗೆಮನೆಗೆ ಹೋಗಿ ಒಂದು ಲೋಟ ಟೀ ಮಾಡಿಕೊಂಡು ಕುಡಿಯುವುದು, ಅದೊಂದನ್ನು ಮಾತ್ರ ಬಿಟ್ಟುಕೊಡಲು ತಯಾರಿರಲಿಲ್ಲ. ಅದು ಹೋದರೆ ತಾನು ಆ ಮನೆಯಲ್ಲಿ ನೆಂಟಳಾಗುತ್ತೇನೆ ಎಂದು ಅವಳಿಗೆ ಭಯ.

ಅವರ ಮನೆಯೋ ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಇದೆ. ಮುಂದೆ ಅಂಗಡಿ, ಅದರ ಹಿಂದೆ ಕೂರುವ ಕೋಣೆ, ಆಮೇಲೆ ಒಂದು ಓಣಿ. ಆ ಓಣಿಗೆ ಕಿಟಕಿಯೇ ಇಲ್ಲ. ಅದರ ಒಂದು ಪಕ್ಕ ಉಗ್ರಾಣ ಮತ್ತು ಅಡುಗೆಮನೆ, ಇನ್ನೊಂದು ಪಕ್ಕ ಮಲಗುವ ಕೋಣೆ ಮತ್ತು ಬಚ್ಚಲು, ಕೊನೆಯಲ್ಲಿ ಹಿತ್ತಿಲ ಬಾಗಿಲು. ಹಿತ್ತಿಲ ಬಾಗಿಲು ದಾಟಿದರೆ ಕಡಿದಾದ ಮೆಟ್ಟಿಲು. ದೀಪ ಹಾಕಿದರೂ ಆ ಓಣಿಯಲ್ಲಿ ಅಕ್ಕನಿಗೆ ಕಾಣುವುದು ಅಷ್ಟಕ್ಕಷ್ಟೆ.

ಪೇಂಟರನಿಗೆ ಹೇಳಿ ಕಳಿಸಿದ್ದಾಯಿತು. ಅವನು ನಾಳೆ ಬರ್ತೀನಿ ಎಂದ. ಅವನ ನಾಳೆ ಬರುವ ಲಕ್ಷಣ ಕಾಣಲಿಲ್ಲ. ಕೊನೆಗೆ ಭಾವನ ತಾಳ್ಮೆ ಕೆಟ್ಟಿತು.

“ಇದೇನು ಬ್ರಹ್ಮವಿದ್ಯೆನಾ? ನಾನೇ ಹೊಡೀತೀನಿ,” ಎಂದು ಕಡುನೀಲಿ ಬಣ್ಣದ ಡಬ್ಬ ತಂದೇಬಿಟ್ಟರು.

ಹೊಡೆದರು ಸ್ವಾಮಿ, ಹೊಡೆದರು! ಹಳೆಯ ಬಣ್ಣವನ್ನು ಉಜ್ಜಲಿಲ್ಲ, ಜಿಡ್ಡು ಒರೆಸಲಿಲ್ಲ. ಧೂಳು ಬರಬಾರದೆಂದು ಹಿತ್ತಿಲ ಬಾಗಿಲು ಮುಚ್ಚಿದರು, ಅಂಗಡಿ ಕಡೆಯ ಬಾಗಿಲು ತೆರೆದಿಟ್ಟರು. ಅಲ್ಲಿಂದ ಹತ್ತಿಯ ನಾರು, ದಾರದ ಚೂರು ಎಲ್ಲ ತೇಲಿ ಬಂದು ಹಸಿ ಬಣ್ಣದ ಮೇಲೆ ಆರಾಮಾಗಿ ಕೂತವು. ಬ್ರಷ್ಷನ್ನು ಡಬ್ಬದಲ್ಲಿ ಹಿಡಿಕೆಯವರೆಗೂ ಅದ್ದಿದರು. ಬಣ್ಣ ಇಳಿಯತೊಡಗಿತು. ಇಳಿದದ್ದನ್ನು ಮುಚ್ಚಲು ಇನ್ನೊಂದು ಕೈ ಹೊಡೆದರು. ಕೆಳಗಿನದು ಒಣಗುವ ಮೊದಲೇ ಮೇಲಿನದು ಬಿದ್ದದ್ದರಿಂದ ಸುಕ್ಕು ಎದ್ದಿತು. ಸುಕ್ಕು ಮುಚ್ಚಲು ಮತ್ತೊಂದು ಕೈ. ನಾನು ಏನು ತೋರಿಸಿದರೂ ಒಂದೇ ಉತ್ತರ.

“ಇನ್ನೊಂದು ಕೈ ಬಿದ್ರೆ ಸರಿಹೋಗುತ್ತೆ.”

“ಭಾವ, ನಿಮಗೆ ಇರೋದು ಎರಡೇ ಕೈ. ಎಷ್ಟು ಅಂತ ಹೊಡೀತೀರಿ?” ಎಂದೆ.

“ಬ್ರಷ್ಷೇ ಸರಿ ಇಲ್ಲ,” ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕೊನೆಗೆ ಅಡುಗೆಮನೆಯ ಚೌಕಟ್ಟಿನ ಮೇಲೆ ಉದ್ದಕ್ಕೆ ಒಂದು ದಪ್ಪ ಎಳೆ ಇಳಿದು ಹಾಗೇ ಗಟ್ಟಿಯಾಯಿತು. ಬಚ್ಚಲಿನದರ ಮೇಲೆ ಧೂಳು ಕೂತು ಕಪ್ಪೆಯ ಬೆನ್ನಾಯಿತು. ಉಗ್ರಾಣದ ಬಾಗಿಲಿಗೆ ಬ್ರಷ್ಷಿನ ಕೂದಲು ಅಂಟಿತು, ಹಿತ್ತಿಲ ಬಾಗಿಲಿಗೆ ಸುಕ್ಕು. ಅಕ್ಕ ಒಂದೊಂದನ್ನೇ ಬೆರಳಿಂದ ಸವರಿ, “ರೀ, ಬಾಗಿಲಿಗೆ ಅಮ್ಮ ಎದ್ದ ಹಾಗಿದೆಯಲ್ರೀ,” ಎಂದಳು. ಭಾವ ಕೇಳಿಸದವರ ಹಾಗೆ ಡಬ್ಬದ ಮುಚ್ಚಳ ಬಡಿಯುತ್ತಿದ್ದರು. ಆದರೆ ನೀಲಿ ಬಣ್ಣ ಬೆಳಕಿದ್ದಲ್ಲಿ ಅವಳಿಗೆ ಕಾಣುತ್ತಿತ್ತು, ಓಣಿಯಲ್ಲೂ ಅವಳು ಸಲೀಸಾಗಿ ಓಡಾಡುತ್ತಿದ್ದಳು. ಎಲ್ಲರೂ ಡಾಕ್ಟರನ್ನು ಹೊಗಳಿದೆವು.

ಹೀಗೆ ವರ್ಷ ಕಳೆದಿರಬೇಕು. ಒಂದು ದಿನ ನಮ್ಮ ಬೀಗಿತ್ತಿ, ಅಂದರೆ ಅಕ್ಕನ ಮಗಳ ಅತ್ತೆ, ಮಾತಾಡಿಸಿಕೊಂಡು ಹೋಗಲು ಬಂದರು. ಒಳ್ಳೆಯ ಹೆಂಗಸು, ನಾಲಗೆಯೊಂದು ಸ್ವಲ್ಪ ಚೂಪು. ಅವರು ಕೈ ತೊಳೆಯಲು ಬಚ್ಚಲಿಗೆ ಹೋಗುವಾಗ ಹೊದ್ದಿದ್ದ ಉಣ್ಣೆ ಶಾಲು ಚೌಕಟ್ಟಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುತ್ತ ಚೌಕಟ್ಟನ್ನು ಮೇಲಿಂದ ಕೆಳಗೆ ನೋಡಿದರು.

“ಬಾಗಿಲು ಬೆವತಿದೆಯಲ್ಲ ಬೀಗರೇ. ಜ್ವರ ಗಿರ ಬಂದಿತ್ತಾ?”

ಭಾವ ನಕ್ಕರು. ಆ ನಗು ನೋಡಿ ನನಗೇ ಪಾಪ ಅನ್ನಿಸಿತು. ಜೀವಮಾನವೆಲ್ಲ ಊರವರ ಹೊಲಿಗೆಯ ಹುಳುಕು ಹುಡುಕಿದ ಮನುಷ್ಯನ ಮನೆಗೇ ಬಂದು, ಅವರ ಬಾಗಿಲಿನ ಹುಳುಕನ್ನು ಬೀಗಿತ್ತಿ ಒಂದೇ ಏಟಿಗೆ ಹಿಡಿದಿದ್ದರು. ಅವರು ಅತ್ತ ಹೋದ ಕೂಡಲೇ ಭಾವ ಅಂಗಡಿಯ ಸೀಮೆಸುಣ್ಣ ಹಿಡಿದು ಓಣಿಗೆ ನುಗ್ಗಿದರು. ಕೋಟಿನ ಬಟ್ಟೆಗೆ ಗುರುತು ಹಾಕುವ ಹಾಗೆ ಪ್ರತಿ ಹನಿಗೂ ಪ್ರತಿ ಗಂಟಿಗೂ ಸುತ್ತು ಹಾಕಿದರು. ಮುಗಿಯುವ ಹೊತ್ತಿಗೆ ಬಾಗಿಲುಗಳಲ್ಲಿ ನೀಲಿಗಿಂತ ಬಿಳಿಯೇ ಜಾಸ್ತಿ ಇತ್ತು.

ಬಣ್ಣದ ಅಂಗಡಿಯವನ ಹತ್ತಿರ ಹೋಗಿ, “ಇನ್ನೊಂದು ಕೈ ಹೊಡೆದ್ರೆ ಆಗುತ್ತಾ?” ಎಂದು ಕೇಳಿದರಂತೆ. ಇನ್ನೂ ಬುದ್ಧಿ ಬಂದಿರಲಿಲ್ಲ ನೋಡಿ.

ಅವನು, “ಮೊದ್ಲು ಕೆರೀರಿ ಮಾಸ್ತರೇ. ಕೆಟ್ಟಿದ್ದರ ಮೇಲೆ ಎಷ್ಟು ಕೈ ಹೊಡೆದ್ರೂ ಕೆಟ್ಟಿದ್ದೇ ದಪ್ಪ ಆಗೋದು,” ಎಂದನಂತೆ.

ಇದೇ ಮಾತನ್ನು ಭಾವ ಗಿರಾಕಿಗಳಿಗೆ ಹೇಳುತ್ತ ಬಂದವರು. ಬಿಚ್ಚದೆ ರಿಪೇರಿ ಇಲ್ಲ ಎಂದು ಗೋಡೆಯ ಮೇಲೆ ಬರೆದೂ ಹಾಕಿದ್ದರು. ಅಂಗಡಿಯವನ ಬಾಯಲ್ಲಿ ಅದನ್ನು ಕೇಳಿದಾಗ ಅವರ ಕಣ್ಣು ತೆರೆಯಿತು. ಬಣ್ಣ ಹೊಡೆಯುವುದೂ ಹೊಲಿಗೆಯೇ ಎಂದು ಮನೆಗೆ ಬಂದು ಸಾರಿದರು. ಉಜ್ಜುವ ಉಪ್ಪುಕಾಗದ ಅಂದರೆ ಇಸ್ತ್ರಿಪೆಟ್ಟಿಗೆ, ಕೆಳಗಿನ ಪ್ರೈಮರ್ ಅಂದರೆ ಕೋಟಿನೊಳಗಿನ ಅಸ್ತರು, ಬ್ರಷ್ಷಿನ ಕೂದಲು ಅಂದರೆ ಕತ್ತರಿಸದೆ ಬಿಟ್ಟ ದಾರ. ಅಸ್ತರು ಸರಿಯಿಲ್ಲದೆ ಕೋಟು ಕೂರುತ್ತದೆಯೇ?

ವಾಸನೆಗೆ ಅಕ್ಕನಿಗೆ ತಲೆನೋವು ಬರುತ್ತದೆಂದು ಕೆಲಸ ಮುಗಿಯುವ ತನಕ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಬಂದವಳು ನನ್ನ ಮೇಜಿಗೆ ಮಂಡಿ ಹೊಡೆಸಿಕೊಂಡಳು, ನನ್ನ ಸಕ್ಕರೆ ಡಬ್ಬ ಇರಬೇಕಾದ ಕಡೆ ಇಲ್ಲವೆಂದು ಜಗಳ ತೆಗೆದಳು, “ನಿನ್ನ ಮನೇಲಿ ಒಂದಾದ್ರೂ ನೆಟ್ಟಗಿದ್ಯಾ?” ಎಂದು ಬೈದಳು. ಗೋಡೆಯ ಆಚೆಯಿಂದ ಬೆಳಗಿನಿಂದ ಸಂಜೆವರೆಗೂ ಕರಕರ ಉಜ್ಜುವ ಸದ್ದು, ಈಚೆಯಿಂದ ಇವಳ ವಟವಟ. ನನ್ನ ಅವಸ್ಥೆ ಯಾರಿಗೂ ಬೇಡ.

ಆದರೆ ಹೇಳಬೇಕಾದ್ದನ್ನು ಹೇಳಬೇಕು. ಭಾವ ಈ ಸಲ ಕೆಲಸ ಕಲಿತರು. ಗಟ್ಟಿಯಾದ ಎಳೆಗಳನ್ನು ಬ್ಲೇಡಿನಿಂದ ಬೆಣ್ಣೆ ತೆಗೆದ ಹಾಗೆ ತೆಗೆದರು. ಮರದ ತುಂಡಿಗೆ ಉಪ್ಪುಕಾಗದ ಸುತ್ತಿ, ನೀರು ಮುಟ್ಟಿಸಿ, ಮೊದಲು ಒರಟು ಆಮೇಲೆ ನಯ, ಮರದ ಎಳೆ ಹೋದ ದಿಕ್ಕಿಗೇ ಉಜ್ಜಿದರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು, ಅಂಗೈ ಆಡಿಸಿ ನೋಡಿ, ತೃಪ್ತಿಯಾಗದೆ ಮತ್ತೆ ಉಜ್ಜಿದರು. ಅಂಗಡಿ ಕಡೆಯ ಬಾಗಿಲು ಮುಚ್ಚಿದರು. ಬಣ್ಣವನ್ನು ತೆಳುವಾಗಿಸಿ, ಬ್ರಷ್ಷಿನ ತುದಿಯನ್ನಷ್ಟೇ ಅದ್ದಿ, ಡಬ್ಬದ ಅಂಚಿಗೆ ಒತ್ತಿ ಹಿಂಡಿ, ಮೇಲಿನಿಂದ ಕೆಳಕ್ಕೆ ಒಂದೇ ಉಸಿರಿನಲ್ಲಿ ಎಳೆದರು. ಎಲ್ಲಾದರೂ ಒಂದು ಹನಿ ಇಳಿಯುವ ಮನಸ್ಸು ಮಾಡಿದರೆ ಅದು ಹೊರಡುವ ಮೊದಲೇ ಬ್ರಷ್ಷು ಅಲ್ಲಿರುತ್ತಿತ್ತು. ಒಂದು ಕೈ ಪೂರ್ತಿ ಒಣಗುವವರೆಗೆ ಇನ್ನೊಂದರ ಮಾತೆತ್ತಲಿಲ್ಲ. ಕತ್ತಿನಲ್ಲಿ ಅಳತೆಪಟ್ಟಿ ಮಾತ್ರ ಇಳಿಬಿದ್ದೇ ಇತ್ತು, ಏತಕ್ಕೋ ದೇವರೇ ಬಲ್ಲ.

ಕೆಲಸ ಮುಗಿದ ದಿನ ಅಕ್ಕನನ್ನು ಕರೆದೊಯ್ದು ಓಣಿಯಲ್ಲಿ ನಿಲ್ಲಿಸಿದರು. “ಮುಟ್ಟಿ ನೋಡು,” ಎಂದರು. ಅಕ್ಕ ಒಂದೊಂದು ಚೌಕಟ್ಟನ್ನೂ ಸವರಿದಳು. ಬೆರಳು ಎಲ್ಲೂ ತಡೆಯಲಿಲ್ಲ.

“ಗಾಜಿನ ಹಾಗಿದೆ ಕಣ್ರೀ,” ಎಂದಳು.

ಮದುವೆಯಾದ ಮೇಲೆ ಆ ಬಾಯಿಂದ ಬಂದ ಮೊದಲ ಹೊಗಳಿಕೆ ಅದೇ ಇರಬೇಕು. ಭಾವ ಉಬ್ಬಿಹೋದರು. ಬೀಗಿತ್ತಿಯನ್ನು ಯಾವಾಗ ಕರೆಯೋಣ ಎಂದು ಅವತ್ತೇ ಲೆಕ್ಕ ಹಾಕತೊಡಗಿದರು.

ಮರುದಿನ ಬೆಳಿಗ್ಗೆ ನಾನು ನಮ್ಮ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಪಕ್ಕದ ಹಿತ್ತಿಲ ಬಾಗಿಲು ತೆರೆಯಿತು. ಅಕ್ಕ ಕೈಯಲ್ಲಿ ಟವೆಲು ಹಿಡಿದು, ಬಚ್ಚಲಿಗೆ ಹೋಗುವವಳ ಹಾಗೆ ನಿಶ್ಚಿಂತೆಯಿಂದ ಕಾಲು ಮುಂದಿಟ್ಟಳು. ಕಾಲ ಕೆಳಗೆ ನೆಲ ಇರಲಿಲ್ಲ, ಮೆಟ್ಟಿಲಿತ್ತು. ನಾನು “ಅಕ್ಕಾ!” ಎಂದು ಚೀರಿದೆ. ಅವಳು ಹೇಗೋ ಚೌಕಟ್ಟನ್ನು ತಬ್ಬಿ ಹಿಡಿದುಕೊಂಡಳು. ಒಂದು ಕಾಲು ಗಾಳಿಯಲ್ಲೇ ಇತ್ತು.

“ಕಿರುಚಬೇಡ ಕಣೇ,” ಎಂದಳು. “ಅವರಿಗೆ ಕೇಳುತ್ತೆ.”

ನಾನು ಬೇಲಿ ದಾಟಿ ಓಡಿದೆ. ಒಳಗೆ ಕೂರಿಸಿ ನೀರು ಕೊಟ್ಟೆ. ಏನಾಯಿತೆಂದು ಕೇಳಿದರೆ ‘ಏನಿಲ್ಲ’ ಎಂದಳು. ಅವತ್ತೆಲ್ಲ ಕುರ್ಚಿ ಬಿಟ್ಟು ಏಳಲಿಲ್ಲ. ಮಧ್ಯಾಹ್ನ ಭಾವ ಅಂಗಡಿಯಿಂದ ಒಳಗೆ ಬಂದಾಗ, ತಲೆ ಎತ್ತದೆ ಮೆಲ್ಲಗೆ ಹೇಳಿದಳು.

“ರೀ, ಸ್ವಲ್ಪ ಕೈ ಕೊಡಿ. ಬಚ್ಚಲಿಗೆ ಹೋಗ್ಬೇಕು.”

ಭಾವ ಕೈ ಕೊಟ್ಟರು, ನಡೆಸಿಕೊಂಡು ಹೋದರು, ನಡೆಸಿಕೊಂಡು ಬಂದರು. ಆಮೇಲೆ ಸೀದಾ ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಕಣ್ಣಲ್ಲಿ ನೀರಿತ್ತು.

“ಪೂರ್ತಿ ಹೋಯ್ತು ಅನ್ಸುತ್ತೆ ಕಣಮ್ಮಾ ಅವಳ ಕಣ್ಣು,” ಎಂದರು. “ಕೈ ಕೇಳಿದ್ಲು. ಅವಳು ಕೈ ಕೇಳಿದ್ಲು.”

ನಾನು ಮೆಟ್ಟಿಲಿನ ವಿಷಯ ಹೇಳಿದೆ. ಅವರ ಮುಖ ಸುಣ್ಣವಾಯಿತು. ಇಬ್ಬರೂ ಹೋಗಿ ಅಕ್ಕನ ಎದುರು ಕೂತೆವು. ಡಾಕ್ಟರ ಹತ್ತಿರ ಈಗಲೇ ಹೋಗೋಣ ಎಂದೆ.

“ಡಾಕ್ಟರು ಯಾಕೆ? ಹೋದ ವಾರ ಕಣ್ಣು ಹೇಗಿತ್ತೋ ಹಾಗೇ ಇದೆ,” ಎಂದಳು ಅಕ್ಕ. “ಮನೆ ಬೇರೆ ಆಗಿದೆ.”

“ಬೇರೆ ಏನು? ಅದೇ ನೀಲಿ, ಅದೇ ಬಾಗಿಲು,” ಎಂದರು ಭಾವ.

“ಓಣಿಯಲ್ಲಿ ನೀಲಿ ಯಾರಿಗ್ರೀ ಕಾಣ್ಸುತ್ತೆ? ಅಡುಗೆಮನೆ ಅಂದ್ರೆ...” ಎಂದು ಕೈ ಎತ್ತಿದಳು. ಬೆರಳುಗಳು ಗಾಳಿಯಲ್ಲಿ ಏನನ್ನೋ ತಡವಿದವು. “ಇಲ್ಲೊಂದು ಉದ್ದಕ್ಕೆ ಇಳಿದಿತ್ತಲ್ಲ. ಅದು ಸಿಕ್ಕಿದ್ರೆ ಅಡುಗೆಮನೆ. ಬಚ್ಚಲು ಮರಳು ಮರಳು. ಉಗ್ರಾಣಕ್ಕೆ ಕೂದಲು ಚುಚ್ಚೋದು. ಸುಕ್ಕು ಸಿಕ್ತು ಅಂದ್ರೆ ಮುಂದೆ ಮೆಟ್ಟಿಲು, ಅಲ್ಲೇ ನಿಲ್ತಿದ್ದೆ.” ಹೇಳುತ್ತ ಹೇಳುತ್ತ ಅವಳ ದನಿ ನಿಧಾನವಾಯಿತು. “ಅಯ್ಯೋ. ಹಾಗೆ ಓಡಾಡ್ತಿದ್ದೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣ್ರೀ. ಈಗ ಎಲ್ಲಾ ಒಂದೇ ಥರ. ಎಲ್ಲಿದೀನಿ ಅಂತ ತಿಳಿಯಲ್ಲ.”

ಭಾವ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಹಾಕಿ ಉಜ್ಜಿ ತೆಗೆದದ್ದು ಇದನ್ನೇ. ಕೈ ಹಿಡಿದವನೇ ಕೈ ಕೊಟ್ಟ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ, ಆದರೆ ಪಾಪ, ಅವರ ತಪ್ಪಾದರೂ ಏನು? ಅವರು ಹೆಂಡತಿಯ ಕೈ ಹಿಡಿದು, “ನಾನಿದ್ದೀನಲ್ಲ, ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗ್ತೀನಿ,” ಎಂದರು.

ಅಕ್ಕ ಕೈ ಕಿತ್ತುಕೊಂಡಳು. “ನೀವಿದ್ದೀರಿ, ಯಾರಿಲ್ಲ ಅಂದ್ರು? ನಾನೂ ಇರ್ಬೇಕಲ್ಲ ಈ ಮನೇಲಿ! ಒಂದು ಲೋಟ ಟೀಗೆ ನಿಮ್ಮ ಅಂಗಡಿ ಬಾಗಿಲಿಗೆ ಬಂದು ಕಾಯ್ಲಾ?” ಎಂದು ಜೋರಾಗಿ ಅತ್ತುಬಿಟ್ಟಳು.

ಭಾವ ಎದ್ದರು. ಡಬ್ಬ ತಂದು, ಮುಚ್ಚಳ ಕಿತ್ತು, ಅಡುಗೆಮನೆಯ ಚೌಕಟ್ಟಿನ ಎದುರು ನಿಂತರು. ಬ್ರಷ್ಷನ್ನು ಅದ್ದಿದರು. ಅಭ್ಯಾಸಬಲ, ಡಬ್ಬದ ಅಂಚಿಗೆ ಒತ್ತಿ ಹಿಂಡಿಬಿಟ್ಟರು. ನಾನು, “ಭಾವ, ಹಿಂಡಬೇಡಿ,” ಎಂದೆ. ಮತ್ತೆ ಅದ್ದಿದರು. ಚೌಕಟ್ಟಿಗೆ ದಪ್ಪಗೆ ಬಳಿದರು. ಹನಿಯೊಂದು ಕೂಡಿಕೊಂಡು ಇನ್ನೇನು ಇಳಿಯಬೇಕು, ಅವರ ಕೈ ತಾನಾಗಿ ಹೋಗಿ ಅದನ್ನು ಸವರಿ ಸಮ ಮಾಡಿತು. “ಥೂ!” ಎಂದು ತಮ್ಮ ಕೈಗೆ ತಾವೇ ಬೈದುಕೊಂಡರು. ಮತ್ತೆ ಬಳಿದರು, ಮತ್ತೆ ಸವರಿದರು. ಬೇಡವೆಂದಾಗ ಧಾರಾಕಾರ ಸುರಿದ ಬಣ್ಣ, ಬೇಕೆಂದಾಗ ಒಂದು ಹನಿ ಇಳಿಯಲಿಲ್ಲ. ಆ ಸ್ಥಿತಿಯಲ್ಲೂ ನನಗೆ ನಗು ಬಂತು. ಬಾಯಿಗೆ ಸೆರಗೋ ಟವೆಲೋ ಸಿಕ್ಕಿದ್ದನ್ನು ತುರುಕಿಕೊಂಡೆ.

“ಏನೇ ಅದು?” ಎಂದು ಅಕ್ಕ ಮೂಗು ಒರೆಸಿಕೊಳ್ಳುತ್ತ ಕೂತಲ್ಲಿಂದ ಕೇಳಿದಳು.

“ಕೆಡಿಸೋಕೆ ಬರ್ತಾ ಇಲ್ಲ ಕಣೇ,” ಎಂದರು ಭಾವ. ದನಿಯಲ್ಲಿ ಅಳುವಿತ್ತು.

ಅಕ್ಕ ಎದ್ದಳು. ಗೋಡೆ ಹಿಡಿದು, ಅವರ ದನಿ ಬಂದ ಕಡೆಗೆ ತಾನೇ ನಡೆದು ಬಂದಳು. “ಸರೀರಿ ಆಕಡೆ,” ಎಂದಳು. ಕೈ ಚಾಚಿ ಹಸಿ ಬಣ್ಣ ಸಿಕ್ಕ ಕಡೆ ಹೆಬ್ಬೆಟ್ಟನ್ನು ಬಲವಾಗಿ ಒತ್ತಿದಳು.

“ಇದು ಅಡುಗೆಮನೆ. ಬನ್ನಿ ಮುಂದಿನದಕ್ಕೆ. ದಪ್ಪಗೆ ಬಳೀರಿ.”

ಬಚ್ಚಲಿಗೆ ಎರಡು ಬೆರಳು. ಮಲಗುವ ಕೋಣೆಗೆ ಅಡ್ಡಕ್ಕೆ ಒಂದು ಗೆರೆ. ಉಗ್ರಾಣಕ್ಕೆ ಏನೂ ಬೇಡ, ಏನೂ ಇಲ್ಲದಿದ್ದರೆ ಅದೇ ಉಗ್ರಾಣ ಎಂದಳು. ಹಿತ್ತಿಲ ಬಾಗಿಲಿಗೆ ಬಂದಾಗ ಕಾಲಿನಿಂದ ಹೊಸ್ತಿಲನ್ನು ತಡವಿ ನೋಡಿದಳು. ಆಮೇಲೆ ಐದೂ ಬೆರಳು ಊರಿ, ತೋಳಿನ ಶಕ್ತಿಯೆಲ್ಲ ಹಾಕಿ ಮೇಲಿಂದ ಕೆಳಗೆ ಬಣ್ಣವನ್ನು ಉತ್ತುಬಿಟ್ಟಳು. ಗಾಜಿನಂಥ ನುಣುಪಿನ ಮೇಲೆ ಐದು ಸಾಲು ಎದ್ದವು. ಭಾವನಿಗೆ ತಡೆಯಲಾಗಲಿಲ್ಲ.

“ಫಿನಿಶಿಂಗ್ ಹೋಯ್ತಲ್ಲೇ!”

“ಹೋಗ್ಲಿ ಬಿಡ್ರೀ,” ಎಂದಳು ಅಕ್ಕ. “ನಾನು ಹೋಗೋ ಕಡೆ ಹೋದ್ರೆ ಸಾಕು.”

ಬಣ್ಣ ಪೂರ್ತಿ ಒಣಗುವ ತನಕ ಅವಳು ಅವರ ಕೈ ಹಿಡಿದೇ ಓಡಾಡಿದಳು, ಒಂದೊಂದು ಹೆಜ್ಜೆಗೂ ಅವರನ್ನು ಬೈದುಕೊಂಡು. ಒಣಗಿದ ದಿನ ಸಂಜೆ ನಾನು ಅಲ್ಲೇ ಇದ್ದೆ. ಅಕ್ಕ ಮಾತಿನ ಮಧ್ಯೆ ಎದ್ದು, ಯಾರಿಗೂ ಏನೂ ಹೇಳದೆ ಓಣಿಯ ಕಡೆ ನಡೆದಳು. ಭಾವನ ಕೈ ತಾನಾಗಿ ಮುಂದಕ್ಕೆ ಹೋಯಿತು. ಅದನ್ನು ಹಿಂದಕ್ಕೆಳೆದು, ಎರಡೂ ಕೈ ಕಟ್ಟಿಕೊಂಡು ನಿಂತರು. ಅಕ್ಕ ಮೊದಲನೆಯ ಚೌಕಟ್ಟನ್ನು ಸವರಿದಳು, ಏನೂ ಇಲ್ಲ, ಉಗ್ರಾಣ. ಮುಂದೆ ಹೋದಳು. ಮುಂದಿನದನ್ನು ಸವರಿದಳು. ಹೆಬ್ಬೆಟ್ಟು ತನ್ನ ಕುಳಿಯಲ್ಲಿ ಕೂತಿತು. ಒಳಗೆ ಹೋದಳು.

ಒಲೆ ಹೊತ್ತಿದ ಸದ್ದು ಬಂತು.

“ರೀ, ನಿಮಗೂ ಇಡ್ಲಾ?” ಎಂದು ಒಳಗಿನಿಂದ ಕೇಳಿದಳು.